ಬೀಗರ ಕಾರಿನ ಕರೆಂಟು ಕಳ್ಳ

ನಮ್ಮ ಬೀಗರು ಆರು ತಿಂಗಳು ಆಳಂದದಲ್ಲಿ ಎಡಕ್ಕೆ ತಿರುಗಲೇ ಇಲ್ಲ ಎಂದರೆ ನೀವು ನಂಬುತ್ತೀರಾ? ಬಜಾರು ಇರುವುದು ಅವರ ಮನೆಯ ಎಡಕ್ಕೆ. ಇವರು ಮಾತ್ರ ಬಲಕ್ಕೆ ಹೊರಟು, ಮತ್ತೆ ಬಲಕ್ಕೆ ಹೊರಳಿ, ಇನ್ನೊಮ್ಮೆ ಬಲಕ್ಕೆ ತಿರುಗಿ, ಅರ್ಧ ಊರು ಸುತ್ತಿ ಬಜಾರು ಮುಟ್ಟುತ್ತಿದ್ದರು. ಗುಡಿಗೆ ಸುತ್ತು ಹಾಕುವವರನ್ನು ಕಂಡಿದ್ದೇನೆ. ಬದನೆಕಾಯಿಗಾಗಿ ಊರಿಗೇ ಸುತ್ತು ಹಾಕಿದವರು ಇವರೊಬ್ಬರೇ!

ಬೀಗರೆಂದರೆ ನನ್ನ ಮಗಳ ಮಾವ. ತೊಗರಿ ವ್ಯಾಪಾರ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಅವರ ಹತ್ತಿರ ಒಂದು ಹಳೆಯ ಬಿಳಿ ಕಾರು. ಅದು ಇವರ ಮನೆಗೆ ಬರುವ ಮೊದಲೇ ಮೂರು ಮನೆ ಬಾಳಿತ್ತು. ಎಡಕ್ಕೆ ತಿರುಗಿದರೆ ಸಾಕು, ಅದರ ಹಾರ್ನ್ ತಾನೇ ಬಡಿದುಕೊಳ್ಳುತ್ತಿತ್ತು. ಸ್ಟಿಯರಿಂಗ್ ಒಳಗಿನ ಯಾವುದೋ ವೈರಿನ ಸಿಪ್ಪೆ ಸವೆದಿದೆ ಎಂದು ಅವರಿಗೂ ಗೊತ್ತು. ಆದರೆ ಮಿಸ್ತ್ರಿಗೆ ತೋರಿಸುವ ಮಾತೇ ಇಲ್ಲ.

"ನನ್ನ ಗಾಡಿ ರೋಗ ನಾನೇ ಹಿಡೀತೇನ್ರಿ. ಅಲ್ಲೀತನಕ ಬಲಕ್ಕ ಹೋಗೋದು!"

ಹತ್ತಿರದ ನರೋಣಾ ಊರಿನಲ್ಲಿ ಒಮ್ಮೆ ಎಡಕ್ಕೆ ತಿರುಗಲೇಬೇಕಾಯಿತು. ಹಾರ್ನ್ ಹೊಡೆದ ಆರ್ಭಟಕ್ಕೆ ಬಸ್ಸು ಬಂತೆಂದು ತಿಳಿದು ಮರದ ಕೆಳಗೆ ಕುಳಿತವರೆಲ್ಲ ಗಂಟುಮೂಟೆ ಎತ್ತಿ ನಿಂತರು. ಒಬ್ಬ ಮುದುಕಿಯಂತೂ ಬಾಗಿಲು ತೆಗೆದು ಒಳಗೆ ಕುಳಿತೇ ಬಿಟ್ಟಳು. "ಆಳಂದಕ್ಕ ಒಂದು ತಿಕೀಟ್ ಕೊಡಪ್ಪಾ!" ಬೀಗರು ಆಕೆಯನ್ನು ಆಳಂದಕ್ಕೆ ಮುಟ್ಟಿಸಿದರು. ಇಳಿಯುವಾಗ ಮುದುಕಿ ಬೈದಳಂತೆ: "ಏನ್ ಬಸ್ಸೋ ಏನೋ, ಬರೇ ಬಲಕ್ಕೇ ತಿರುಗಿಸ್ತಿ!"

ಕೊನೆಗೆ ಆ ವೈರು ಸಿಕ್ಕಿತು. ಅದಕ್ಕೆ ಟೇಪು ಸುತ್ತಿ, ಮೇಲೆ ಹೆಂಡತಿಯ ಹಳೆಯ ಇಳಕಲ್ ಸೀರೆಯ ತುಂಡೂ ಸುತ್ತಿದರು. ಹಾರ್ನ್ ತಣ್ಣಗಾಯಿತು. ಆದರೆ ಆ ಕಾರು ಸುಮ್ಮನೆ ಕೂಡುವ ಪೈಕಿಯೇ? ಈ ಸಲ ಬ್ಯಾಟರಿ ಸಾಯತೊಡಗಿತು. ದಿನಾ ಸತ್ತಿದ್ದರೆ ಚಿಂತೆ ಇರಲಿಲ್ಲ, ಹೊಸದು ಹಾಕುತ್ತಿದ್ದರು. ಇದು ಮೂರು ವಾರ ಗುಂಡುಕಲ್ಲಿನಂತೆ ಇರುವುದು, ಒಂದು ಸೋಮವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ "ಕಿರ್ರ್" ಎಂದು ಕಣ್ಣು ಮುಚ್ಚುವುದು!

"ಯಾರೋ ಕಳ್ಳ ಕರೆಂಟು ಕುಡ್ಯಾಕತ್ತಾನ" ಎಂದು ಬೀಗರು ತೀರ್ಮಾನ ಮಾಡಿದರು.

ಈಗ ನಗುತ್ತೇನೆ. ಆಗ ನನಗೆ ನಗು ಬರುತ್ತಿರಲಿಲ್ಲ. ಏಕೆಂದರೆ ನನ್ನ ಮಗಳು ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ನಮ್ಮ ಅತನೂರಿನ ಮನೆಯಲ್ಲಿ, ನನ್ನ ಕೈಯಲ್ಲಿ. ಏಳನೆಯ ತಿಂಗಳಲ್ಲಿ ಕುಬುಸದ ಶಾಸ್ತ್ರ ಮುಗಿಯುತ್ತಲೇ ಕರೆದೊಯ್ಯುತ್ತೇನೆ ಎಂದು ನಾನು ಸೀರೆ ಉಟ್ಟು ನಿಂತರೆ ಬೀಗರು ಅಡ್ಡ ನಿಂತರು.

"ಬಸ್ಸಿನ್ಯಾಗ ಕಳಸಂಗಿಲ್ರಿ ಬೀಗತಿ. ಆ ರಸ್ತಾದಾಗ ಅಕಿ ಜೀಂವ ಹೋಗ್ತದ. ಕಾರಿನ್ಯಾಗ ನಾನೇ ತಂದು ಬಿಡ್ತೇನಿ."

"ಹಂಗಾದ್ರ ಇವತ್ತೇ ಹೊರಡ್ರಿ."

"ಕಳ್ಳ ಸಿಗಬೇಕಲ್ರಿ! ಹಳ್ಳದ ದಂಡ್ಯಾಗ ಗಾಡಿ ನಿಂತ್ರ ತುಂಬಿದ ಬಸುರಿ ಇಳದು ನೂಕಬೇಕೇನು?"

"ಕೂಸು ನಿಮ್ಮ ಕಳ್ಳ ಸಿಗೋತನ ಕಾಯ್ತದೇನ್ರಿ?"

ಬೀಗರು ಕಾರಿನ ಬಾಯಿ ತೆಗೆದು ಒಳಗೆ ತಲೆ ಹಾಕಿದರು. ಮಾತು ಮುಗಿಸಬೇಕೆಂದರೆ ಅವರು ಹಾಗೆಯೇ ಮಾಡುವುದು!

ಸೊಸೆಗಾಗಿ ತಮ್ಮ ಹಟ ಬಿಟ್ಟು ಜೇವರ್ಗಿಯ ಗಾಡಿ ಮಿಸ್ತ್ರಿ, ಉಸ್ತಾದರೊಬ್ಬರ ಕಡೆಗೂ ಹೋಗಿ ಬಂದರು. ಉಸ್ತಾದ್ ಎರಡು ದಿನ ಕಾರು ಇಟ್ಟುಕೊಂಡರು. ಎರಡು ದಿನವೂ ಅದು ಮುಟ್ಟಿದರೆ ಸ್ಟಾರ್ಟು! ಡಾಕ್ಟರನ್ನು ಕಂಡೊಡನೆ ಜ್ವರ ಇಳಿಯುವ ಮಕ್ಕಳಿರುತ್ತವಲ್ಲ, ಹಾಗೆ. ಉಸ್ತಾದ್ ಕೈ ಒರೆಸಿಕೊಂಡು ಹೇಳಿದರಂತೆ: "ಸಾಹುಕಾರ್ರ, ಗಾಡಿ ತಬಿಯತ್ ಏಕದಂ ಚಲೋ ಅದ. ನಿಮ್ಮದೊಮ್ಮೆ ತೋರಿಸ್ಕೋರ್ರಿ."

ಎಂಟನೆಯ ತಿಂಗಳು ಬಂತು. ಬೀಗರಿಗೆ ಒಂದು ಸಂಗತಿ ಹೊಳೆದಿತ್ತು: ಶನಿವಾರ ಅತನೂರಿಗೆ ಬಂದು ಹೋದರೆ ಮಾತ್ರ ಸೋಮವಾರ ಬ್ಯಾಟರಿ ಸಾಯುತ್ತದೆ. ಅಂದರೆ ಕಳ್ಳ ಅತನೂರಿನವನು! ಮೊದಲು ನಮ್ಮ ಬೇವಿನ ಮರದ ನೆರಳಿನ ಮೇಲೆ ಸಂಶಯಪಟ್ಟರು. ಆಮೇಲೆ ನಮ್ಮೂರ ಧೂಳಿನ ಮೇಲೆ. ಬಳಿಕ ನಮ್ಮ ಎಮ್ಮೆಯ ಮೇಲೆ, ಅದು ಬಂಪರಿಗೆ ಮೈ ತಿಕ್ಕುತ್ತದಂತೆ. ನನ್ನ ಎಮ್ಮೆ ಕರೆಂಟು ಕುಡಿಯುತ್ತದೆಯೇ! ಕುಡಿದಿದ್ದರೆ ಹೊತ್ತಿಗೆ ಎರಡು ಸೇರು ಹಾಲು ಹೆಚ್ಚಾಗಬೇಕಿತ್ತಲ್ಲ?

ಆ ತಿಂಗಳ ಕೊನೆಯ ಶನಿವಾರ ಒಬ್ಬರೇ ಬಂದರು. ಮಗಳು ಜೊತೆಗಿಲ್ಲದ್ದು ಕಂಡು ನಾನು ನೀರು ಕೊಟ್ಟೆನೇ ಹೊರತು ಮಾತು ಕೊಡಲಿಲ್ಲ. ಅವರು ನಮ್ಮ ಅಂಗಳದಲ್ಲಿಯೇ ಕಾರಿನ ಬಾಯಿ ತೆಗೆದು, ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದರು.

"ಎಲ್ಲಾ ಬಂದ್ ಮಾಡೀನಿ. ಆದ್ರೂ ಈ ಬಲ್ಬು ಹತ್ತಿದ್ರ ಕಳ್ಳ ಒಳಗ ಅದಾನ ಅಂತ ತಿಳೀರಿ."

ಬಲ್ಬು ಹತ್ತಲಿಲ್ಲ. ಕಾರಿನ ಮುಂದೆ ಮಣೆ ಹಾಕಿಕೊಂಡು ಊಟದ ಹೊತ್ತಿನವರೆಗೆ ಕುಳಿತರು. ಹತ್ತಲೇ ಇಲ್ಲ. ಉಂಡರು, ಮತ್ತೆ ಕುಳಿತರು.

ನಾನು ನನ್ನ ಕೆಲಸ ನೋಡಿದೆ. ಬೀಗರ ಗಾಡಿ ನಮ್ಮ ಮನೆಯಿಂದ ಬರಿದಾಗಿ ಹೋಗಬಾರದು. ಸಿಟ್ಟು ಬೇರೆ, ಪದ್ಧತಿ ಬೇರೆ. ಅವತ್ತು ಮಗಳು ಬರುವುದಿಲ್ಲ ಎಂಬ ಸಂಕಟಕ್ಕೆ ಎಲ್ಲವನ್ನೂ ಡಿಕ್ಕಿಗೆ ತುಂಬಿದೆ. ಕಟಕ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹೋಳಿಗೆ, ಪುಂಡಿಪಲ್ಯದ ಗಡಿಗೆ, ತೊಗರಿಬೇಳೆ. ತೊಗರಿ ವ್ಯಾಪಾರಿಗೇ ತೊಗರಿಬೇಳೆ! ಮೇಲೆ, ಹುಟ್ಟುವ ಕೂಸಿಗೆಂದು ನಾನು ಹೊಲಿದಿದ್ದ ಕೌದಿ.

"ಬಲ್ಬು ಹತ್ತೇದ! ಯಾರೂ ಅಲುಗಾಡಬ್ಯಾಡ್ರಿ!" ಬೀಗರು ಮುಂದಿನಿಂದ ಕೂಗಿದರು. ಆಮೇಲೆ ದನಿ ಇಳಿಸಿದರು. "ಓ, ನೀವು ಡಿಕ್ಕಿ ತಗದೀರೇನು? ಅದರಾಗೊಂದು ದೀಪ ಇರ್ತದ, ಅದು ಹತ್ತೇದ. ಡಿಕ್ಕಿ ಹಾಕ್ರಿ."

ನಾನು ಮುಚ್ಚಿ, ಬಾವಿ ಹಗ್ಗದಿಂದ ಕಟ್ಟಿದೆ. "ಹಾಕೀನ್ರಿ."

"ಹಾಕ್ರೀ ಅಂದ್ರ!"

"ಹಾಕೀನಿ ಅಂದ್ನೆಲ್ರಿ!"

"ಹಾಕಿದ್ರ ಬಲ್ಬ್ ಯಾಕ ಉರ್ಯಾಕತ್ತದ?"

ಹಿಂದೆ ಬಂದು ನೋಡಿದರು. ರೊಟ್ಟಿಯ ಗಂಟು ಅರ್ಧ ಹೊರಗಿತ್ತು. ಮುಚ್ಚಳ ಒಂದು ಗೇಣು ಬಾಯಿ ತೆರೆದುಕೊಂಡು ಹಗ್ಗದ ಬಲದ ಮೇಲೆ ನಿಂತಿತ್ತು.

"ಇದು... ಹಾಕಿದ್ದು?"

"ನಾ ಯಾವಾಗ್ಲೂ ಹಿಂಗೇ ಹಾಕ್ತೇನ್ರಿ."

"ಯಾವಾಗ್ಲೂ?!"

ಸಂದಿಯಲ್ಲಿ ಕೈ ತೂರಿಸಿ ಅಲ್ಲಿದ್ದ ಗುಂಡಿಯನ್ನು ಒತ್ತಿದರು. ಬಲ್ಬು ಆರಿತು. ಬಿಟ್ಟರು, ಹತ್ತಿತು. ಒತ್ತಿದರು, ಆರಿತು. ಮುಚ್ಚಳ ಪೂರ್ತಿ ಕೂತರೆ ಆ ಗುಂಡಿ ತಾನೇ ಒತ್ತಿಕೊಂಡು ಒಳಗಿನ ದೀಪ ಆರುತ್ತದಂತೆ. ನನ್ನ ಗಂಟು ಕೂಡಲು ಬಿಟ್ಟರೆ ತಾನೇ! ಇನ್ನು, ಬೀಗರ ಮನೆಯಿಂದ ಬಂದ ಗಂಟನ್ನು ಸೋಮವಾರದ ಪೂಜೆಯಾದ ಮೇಲೆಯೇ ಇಳಿಸುವುದು ಅವರ ಮನೆಯ ಪದ್ಧತಿ. ಶನಿವಾರ, ಭಾನುವಾರ ಎರಡು ರಾತ್ರಿ ದೀಪ ಉರಿಯುವುದು. ಸೋಮವಾರ ಗಂಟು ಇಳಿಸಿ, ಡಿಕ್ಕಿ ಸರಿಯಾಗಿ ಮುಚ್ಚಿ, ಆಮೇಲೆ ಇವರು ಕಾರು ಚಾಲೂ ಮಾಡಲು ಹೋಗುವುದು. ಅಷ್ಟರಲ್ಲಿ ಕಳ್ಳ ಅಡುಗೆಮನೆ ಸೇರಿರುತ್ತಿದ್ದ!

ಬೀಗರು ನೆಲದ ಮೇಲೆ ಕುಳಿತುಬಿಟ್ಟರು.

"ಮೂರು ತಿಂಗಳು, ಬೀಗತಿ... ನಿಮ್ಮ ರೊಟ್ಟಿ!"

"ಮೂರು ತಿಂಗಳು ತಿಂದವ್ರು ಯಾರ್ರಿ? ಮೊದಲ ನನ್ನ ಎಮ್ಮಿಗೆ ತಪ್ಪಾತು ಅನ್ರಿ!"

ಎಮ್ಮೆಯ ಕಡೆಗೆ ತಿರುಗಿ ಕೈ ಮುಗಿದೇ ಬಿಟ್ಟರು, ಪುಣ್ಯಾತ್ಮ! ಡಿಕ್ಕಿಯ ದೀಪ ಕಿತ್ತು ಕಿಸೆಗೆ ಹಾಕಿಕೊಂಡು ಹೋದವರು ಮಂಗಳವಾರ ಸೊಸೆಯನ್ನು ಕರೆತಂದರು. ದಾರಿಯುದ್ದಕ್ಕೂ ಇಂಜಿನ್ ಬಂದ್ ಮಾಡಿರಲಿಲ್ಲ, ವೇಗವನ್ನೂ ಹೆಚ್ಚಿಸಿರಲಿಲ್ಲ. "ಅವ್ವಾ, ಎತ್ತಿನ ಬಂಡಿಯವ 'ಬಾಜೂ ಸರೀರಿ' ಅಂದು ನಮ್ಮನ್ನ ದಾಟಿ ಹೋದ!" ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಪ್ಪತ್ತು ದಿನಕ್ಕೆ ನನ್ನ ಮನೆಯಲ್ಲೇ ಮೊಮ್ಮಗಳು ಹುಟ್ಟಿದಳು. ಏನು ಕೂದಲು, ಏನು ಮೂಗು! ಕಾಲಿನ ಕಿರುಬೆರಳಿಗೂ ಉಗುರು ಬಂದಿತ್ತು, ಎಣಿಸಿ ಎಣಿಸಿ ನೋಡಿದೆ. ಓಣಿಗೆಲ್ಲ ಸಕ್ಕರೆ ಹಂಚಿ, ಹಂಚಿದ ಮನೆಗೇ ಮತ್ತೆ ಹೋಗಿ ಹಂಚಿದೆ.

ಸುದ್ದಿ ಮುಟ್ಟಿದ ದಿನವೇ ಬೀಗರು ಬಂದರು. ನಡುಹಗಲಾದರೂ ಮುಗಿಲು ಕಪ್ಪಿಟ್ಟು ಜಡಿಮಳೆ. ದೊಡ್ಡ ದೀಪ ಹಾಕಿಕೊಂಡೇ ಬಂದು ಬಾಗಿಲ ಮುಂದೆ ನಿಲ್ಲಿಸಿದರು. ಒಳಗೆ ಬಂದು ಮೂರು ಸಲ ಕೈ ತೊಳೆದು, ಉಗುರಿನಲ್ಲಿದ್ದ ಗ್ರೀಸ್ ನೋಡಿ ನಾಲ್ಕನೆಯ ಸಲ ತೊಳೆದು, ಗೋಡೆಗೆ ಒರಗಿ ಕುಳಿತು ಕೈ ಚಾಚಿದರು. ಕೂಸನ್ನು ಎದೆಗೆ ಕೊಟ್ಟೆ. ಅದು ಅವರ ಅಂಗಿಯ ಕಿಸೆಗೆ ಕೆನ್ನೆ ಆನಿಸಿ ಮಲಗಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ಎದುರು ಮನೆಯವರು ಕೂಗಿದರು: "ಗಾಡಿ ದೀಪ ಹಂಗೇ ಉರ್ಯಾಕತ್ತಾವ್ರೀ!"

ನಾನು ಎದ್ದೆ. "ಕೀಲಿ ಕೊಡ್ರಿ ಬೀಗ್ರ, ಆರಿಸಿ ಬರ್ತೇನಿ."

"ಕಿಸ್ಯಾಗ ಅದ" ಎಂದರು, ಉಸಿರಿನಷ್ಟೇ ದನಿಯಲ್ಲಿ. "ತಗದ್ರ ಎಚ್ಚರಾಗ್ತಾಳ."

"ಬ್ಯಾಟರಿ ಸಾಯ್ತದಲ್ರಿ!"

"ಸಾಯ್ಲಿ ಬಿಡ್ರಿ. ಆಮ್ಯಾಗ ನೂಕಿದ್ರ ಆತು."

ನಾನು ಎದುರಿಗೆ ಚಾಪೆ ಹಾಸಿಕೊಂಡು ಕುಳಿತೆ. ಮೊಮ್ಮಗಳು ನಿದ್ದೆಯಲ್ಲಿ ಒಮ್ಮೆ ತುಟಿ ಅಲುಗಿಸಿದಳು. ಇಬ್ಬರೂ ಬಗ್ಗಿ ನೋಡಿದೆವು. ಹೊರಗೆ ದೀಪ ಯಾವಾಗ ಆರಿತೋ, ನಾವಿಬ್ಬರೂ ನೋಡಲಿಲ್ಲ.