ಗೇಟಿನ ಬೋರ್ಡು ಮತ್ತು ಐದನೆಯ ಪದ

ದೊಡ್ಡ ಪಾಪ ಮಾಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಭದ್ರಾವತಿಯ ಒಂದು ಕಾರ್ಖಾನೆಯ ಟೈಮಾಫೀಸಿನಲ್ಲಿ ಗುಮಾಸ್ತನಾಗಿ, ಶಿವಮೊಗ್ಗದ ಕೋಟೆಯ ಮನೆಯಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಾ ತಲೆ ಬೆಳ್ಳಗೆ ಮಾಡಿಕೊಂಡ ನನ್ನಂಥವನಿಗೆ ಕೊಲೆ, ದರೋಡೆ, ಲಂಚಗಳೆಲ್ಲ ಕೈಗೆಟುಕದ ಬಾಬತ್ತು. ಲಂಚ ಕೊಡುವಷ್ಟು ಮುಖ್ಯ ಮನುಷ್ಯ ನಾನೆಂದು ಒಬ್ಬರಿಗೂ ಅನ್ನಿಸಲಿಲ್ಲ. ಆದರೂ ಒಂದು ಪಾಪ ಮಾಡಿದ್ದೇನೆ. ಸೀಮೆಸುಣ್ಣದಲ್ಲಿ ಮಾಡಿದ ಪಾಪ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗಬೇಕಾಗಿತ್ತು. ಬೋರ್ಡಿನಿಂದ ಹೋಯಿತು, ನನ್ನಿಂದ ಹೋಗಲಿಲ್ಲ. ಈಗ ಎಪ್ಪತ್ತು ದಾಟಿದ ಮೇಲೆ ಮಧ್ಯಾಹ್ನದ ನಿದ್ದೆಯೂ ಸರಿಯಾಗಿ ಬರದೆ, ಹೇಳಿಕೊಂಡುಬಿಡೋಣ ಎಂದು ಕೂತಿದ್ದೇನೆ.

ತೊಂಬತ್ತರ ದಶಕದ ಮಾತು. ನಮ್ಮ ಕಾರ್ಖಾನೆಯ ಗೇಟಿನ ಒಳಗೆ, ಕೆಲಸಗಾರರು ಹಾಜರಿ ಕಾರ್ಡು ಒತ್ತುವ ಗಡಿಯಾರದ ಪಕ್ಕದಲ್ಲಿ ಒಂದು ಕಪ್ಪು ಬೋರ್ಡು ಇತ್ತು. ಅದರ ಮೇಲೆ ದಿನಕ್ಕೊಂದು ಸುರಕ್ಷತಾ ಸೂತ್ರ ಬರೆಯಬೇಕೆಂದು ಮೇಲಿನವರ ಹುಕುಂ. ನನ್ನ ಅಕ್ಷರ ಗುಂಡಗೆ ಮುತ್ತು ಪೋಣಿಸಿದಂತೆ ಇರುತ್ತದೆಂದು ಆ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ತಲೆಗೆ ಹೆಲ್ಮೆಟ್ಟು, ಕೈಗೆ ಗ್ಲೌಸು, ಕಾಲಿಗೆ ಬೂಟು ಎಂದು ಮೈಯೆಲ್ಲ ಮುಗಿಯುವಷ್ಟರಲ್ಲಿ ನನ್ನ ಸರಕು ಖಾಲಿಯಾಯಿತು. ಪರೀಕ್ಷೆಗೆಂದು ಒಂದೇ ಸೂತ್ರವನ್ನು ಒಂದು ವಾರ ಬಿಟ್ಟೆ. ಯಾರೂ ಗಮನಿಸಲಿಲ್ಲ. ಬೇಸತ್ತು ಒಂದು ದಿನ ಹೆಲ್ಮೆಟ್ಟಿನ ಸೂತ್ರದ ಕೆಳಗೆ ಖಾಲಿ ಉಳಿದ ಜಾಗದಲ್ಲಿ ಬರೆದೆ: 'ಮರ. ಮುಂದೆ ಒಂದಕ್ಷರ ಸೇರಿಸಿದರೆ ಸಾವಿಲ್ಲದವನು, ಹಿಂದೆ ಒಂದಕ್ಷರ ಸೇರಿಸಿದರೆ ಸಾವು.' ಅವತ್ತು ಗಡಿಯಾರದ ಮುಂದೆ ಜನ ಜಾತ್ರೆ ಸೇರಿದ ಹಾಗೆ ಸೇರಿದರು. ಅಮರ, ಮರಣ ಎಂದು ಮೊದಲು ಹೇಳಿದವನು ಕ್ಯಾಂಟೀನಿನ ಇಡ್ಲಿಯವನು.

ಅಲ್ಲಿಂದ ಅದು ಪದ್ಧತಿಯಾಯಿತು. ಬೆಳಿಗ್ಗೆ ಬೋರ್ಡಿಗೆ ಒಗಟು. ಸಾಯಂಕಾಲ ನಾಲ್ಕರೊಳಗೆ ಟೈಮಾಫೀಸಿನ ಕಿಟಕಿಗೆ ಬಂದು ಮೊದಲು ಸರಿಯುತ್ತರ ಹೇಳಿದವರ ಹೆಸರು ಒಗಟಿನ ಕೆಳಗೆ. ಮರುದಿನ ಬೆಳಗಿನವರೆಗೂ ಅದು ಅಲ್ಲೇ ಇರುತ್ತಿತ್ತು. ಯಾರಿಗೂ ಬರದಿದ್ದರೆ ಅದೇ ಜಾಗದಲ್ಲಿ 'ಯಾರೂ ಬಿಡಿಸಲಿಲ್ಲ' ಎಂದು ಬರೆಯುತ್ತಿದ್ದೆ. ಆ ಎರಡು ಪದ ಬರೆಯುವಾಗ ನನಗಾಗುತ್ತಿದ್ದ ಸಂತೋಷವನ್ನು ಇನ್ಕ್ರಿಮೆಂಟ್ ಕೂಡ ಕೊಟ್ಟಿಲ್ಲ. ಒಗಟು ಹೊಸೆಯುವ ಹುಚ್ಚು ಮನೆಗೂ ಹಬ್ಬಿತು. ರೈಲಿನಲ್ಲಿ, ಸ್ನಾನದ ಮನೆಯಲ್ಲಿ, ಊಟದ ಎಲೆಯ ಮುಂದೆ ತುಟಿ ಅಲುಗಾಡಿಸುತ್ತಾ ಅಕ್ಷರ ಸೇರಿಸುತ್ತಿದ್ದೆ. ಒಮ್ಮೆ ನನ್ನ ಹೆಂಡತಿ ವನಜ, "ಎರಡೆಳೆ ಸರ ಬೇಕು ಅಂತ ಬಾಯ್ಬಿಡೋ ಮೊದ್ಲೇ ಮುಂದೊಂದಕ್ಷರ ಸೇರಿಸಿ ಬೇಸರ ಮಾಡ್ಕೋತೀರಲ್ಲ, ಅದನ್ನೇ ಬರೀರಿ ನಾಳೆ ಬೋರ್ಡಿಗೆ" ಎಂದಳು. ಬರೆದೆ. ಚೆನ್ನಾಗಿ ಓಡಿತು. ಸರ ಮಾತ್ರ ಮಾಡಿಸಲಿಲ್ಲ.

ಬಿಡಿಸುವವರಲ್ಲಿ ಎಲ್ಲರಿಗಿಂತ ಚುರುಕು ಆರ್ಮುಗಂ. ಕ್ರೇನ್ ಓಡಿಸುತ್ತಿದ್ದ. ಮನೆಮಾತು ತಮಿಳು, ಶಾಲೆಗೆ ಹೋದವನಲ್ಲ. ಕನ್ನಡ ಓದುವುದನ್ನು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಕೊನೆಗೆ ನನ್ನ ಬೋರ್ಡು ನೋಡಿ ಕಲಿತಿದ್ದ. ಮೇಲೆ ಕ್ರೇನಿನ ಗೂಡಿನಲ್ಲಿ ಒಬ್ಬನೇ ಕೂತು ದಿನವಿಡೀ ಅಕ್ಷರಗಳನ್ನೂ ಎತ್ತಿ ಇಳಿಸುತ್ತಿದ್ದನೆಂದು ಕಾಣುತ್ತದೆ. ಊಟದ ಹೊತ್ತಿಗೆ ಕಿಟಕಿಗೆ ಬಂದು ಒಂದೇ ಕೈಯಲ್ಲಿ ಸಲಾಮು ಮಾಡಿ, "ಸಾರ್, ಇದು ಕರೆಕ್ಟಾ ನೋಡಿ" ಎಂದು ಮೆಲ್ಲಗೆ ಹೇಳುತ್ತಿದ್ದ. ಹೆಚ್ಚಾಗಿ ಕರೆಕ್ಟೇ ಇರುತ್ತಿತ್ತು. ಎಸ್ಸೆಸ್ಸೆಲ್ಸಿಯವನು ಕಟ್ಟಿದ ಗಂಟನ್ನು ಶಾಲೆಯ ಮೆಟ್ಟಿಲು ಹತ್ತದವನು ಊಟದ ಹೊತ್ತಿಗೆಲ್ಲ ಬಿಚ್ಚಿ ಮುಂದಿಡುವುದು ನನಗೆ ಮೊದಮೊದಲು ಹೆಮ್ಮೆಯಾಗಿತ್ತು. ಆಮೇಲೆ ಅಷ್ಟಾಗಿ ಹಿಡಿಸಲಿಲ್ಲ.

ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತೊಂದು ದಿನ ಕೆಲಸಗಾರರ ಹೆಂಡತಿ ಮಕ್ಕಳನ್ನು ಗೇಟಿನ ಒಳಗೆ ಬಿಡುತ್ತಿದ್ದರು. ಯಂತ್ರಗಳಿಗೆ ಕುಂಕುಮ, ಬಾಳೆಕಂದು, ಬಂದವರಿಗೆಲ್ಲ ಮಂಡಕ್ಕಿ ಖಾರ. ಹಿಂದಿನ ದಿನದ ಒಗಟು ಹಬ್ಬದ ದಿನವೂ ಬೋರ್ಡಿನಲ್ಲಿ ಹಾಗೇ ಇರುತ್ತದೆ, ಅದರ ಕೆಳಗಿನ ಹೆಸರನ್ನು ಊರೆಲ್ಲ ನೋಡುತ್ತದೆ. ಎರಡು ದಿನ ಮೊದಲೇ ಆರ್ಮುಗಂ ಕಿಟಕಿಗೆ ಬಂದಿದ್ದ.

"ಸಾರ್, ಹಬ್ಬದ್ದು ನಾನೇ ಬಿಡಿಸ್ತೀನಿ. ನನ್ ಹೆಂಡ್ತಿ ಸೆಲ್ವಿಗೆ ಹೇಳಿಬಿಟ್ಟಿದೀನಿ. ನೀನು ಬಾ, ಬೋರ್ಡಲ್ಲಿ ನನ್ ಹೆಸರು ತೋರಿಸ್ತೀನಿ ಅಂತ."

"ನೋಡೋಣ ನೋಡೋಣ" ಎಂದೆ. ನನಗೂ ಒಂದು ಹಂಚಿಕೆಯಿತ್ತು. ವನಜಳ ತಮ್ಮ ನಾಗೇಶ ಹೊಳೆಹೊನ್ನೂರಿನಲ್ಲಿ ಮೇಷ್ಟರು, ಬಿ.ಎ. ನಾನು ಬರೆದ ಮದುವೆಯ ಕರೆಯೋಲೆಯಲ್ಲಿ ಕೂಡ ತಪ್ಪು ಹುಡುಕಿ ಕೆಂಪು ಗೆರೆ ಎಳೆದವನು. ಅವನು ಆ ಸಲ ಹಬ್ಬಕ್ಕೆ ಬರುವವನಿದ್ದ. ಸಾವಿರಾರು ಜನರ ಕಾರ್ಖಾನೆಯಲ್ಲಿ ಭಾವನ ಒಗಟನ್ನು ಯಾರೂ ಬಿಡಿಸಲಿಲ್ಲ ಎಂಬುದನ್ನು ಅವನು ತನ್ನ ಕಣ್ಣಾರೆ ಓದಬೇಕು. ಇಷ್ಟೇ ನನ್ನ ಜೀವಮಾನದ ಆಸೆ.

ಅಪ್ಪ ಬಿಟ್ಟುಹೋದ ಹಳೆಯ ನಿಘಂಟನ್ನು ಇಳಿಸಿ, ಧೂಳಿಗೆ ಸೀನಿ, ಬೋರ್ಡಿಗೆ ಬರೆದೆ: 'ದನ. ಮುಂದೆ ಒಂದೊಂದೇ ಅಕ್ಷರ ಸೇರಿಸಿ ಐದು ಪದ ಮಾಡಿ. ಕಾಗುಣಿತ, ಸೊನ್ನೆ ಕೂಡದು.' ನಾಲ್ಕು ಪದ ಅರ್ಧ ಗಂಟೆಯಲ್ಲಿ ಬಂದವು. "ದನ ಸೇರಿದ್ರೆ ಸದನ, ಇದಕ್ಕೆ ತಲೆ ಕೆಡಿಸ್ಕೋಬೇಕಾ" ಎಂದ ಯೂನಿಯನ್ನಿನವನೊಬ್ಬ. ವದನ, ಕದನ, ಮದನ ಎಲ್ಲ ಬಂದವು. ಐದನೆಯದಕ್ಕೆ ಎಲ್ಲರೂ ನಿಂತುಬಿಟ್ಟರು. ನಾನು ಇಟ್ಟುಕೊಂಡಿದ್ದು ರದನ. ಹಾಗೆಂದರೆ ಹಲ್ಲು. ಆ ಪದವನ್ನು ಬಳಸುವ ಮನುಷ್ಯನನ್ನು ನಾನು ಇಂದಿನವರೆಗೂ ನೋಡಿಲ್ಲ, ಹಲ್ಲಿನ ಡಾಕ್ಟರೂ ಸೇರಿದಂತೆ.

ಊಟದ ಹೊತ್ತಿಗೆ ಆರ್ಮುಗಂ ಬರಲಿಲ್ಲ. ಮೂರಕ್ಕೂ ಬರಲಿಲ್ಲ. ಸೀಮೆಸುಣ್ಣ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತಿದ್ದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಓಡಿ ಬಂದ.

"ಸಾರ್, ಓದನ. ಕರೆಕ್ಟಾ?"

"ಎಂಥದ್ದು?"

"ಓದನ ಸಾರ್. ಅನ್ನ. ನಿಮ್ ಕೋಟೆ ಗುಡೀಲಿ ಮೊಸರನ್ನ ಕೊಡ್ತಾರಲ್ಲ, ದಧ್ಯೋದನ ಅಂತ. ಹಂಗಂದ್ರೇನು ಅಂತ ಒಂದ್ಸಲ ಕೇಳಿದ್ದೆ. ದಧಿ ಅಂದ್ರೆ ಮೊಸರು, ಓದನ ಅಂದ್ರೆ ಅನ್ನ ಅಂತ ಹೇಳಿದ್ರು. ನಿಮ್ಮಪ್ಪಾನೇ ಸಾರ್ ಹೇಳಿದ್ದು."

ನನ್ನ ಅಪ್ಪ ಆ ಗುಡಿಯ ಅರ್ಚಕರಾಗಿದ್ದವರು. ಆ ದಧ್ಯೋದನ ತಿಂದೇ ನಾನು ಈ ಗಾತ್ರ ಆಗಿದ್ದು. ಪದ ಸರಿ, ಅರ್ಥ ಸರಿ, ಹೊತ್ತೂ ಮೀರಿರಲಿಲ್ಲ. ನಾನು ಬಾಯಿಬಿಟ್ಟೆ.

"ಅಂಥ ಪದ ಇಲ್ಲ ಆರ್ಮುಗಂ. ಅದು ಸಂಸ್ಕೃತ."

ಸದನ, ವದನ, ಕದನಗಳು ಹೊಳೆಹೊನ್ನೂರಿನ ಗದ್ದೆಯಲ್ಲಿ ಬೆಳೆದವು ಎಂಬಂತೆ ಹೇಳಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಇಲ್ವಾ ಸಾರ್? ಸರಿ ಸಾರ್" ಎಂದು ಹೊರಟುಹೋದ. ನಾನು ಹೋಗಿ ಎಂದಿಗಿಂತ ದೊಡ್ಡ ಅಕ್ಷರದಲ್ಲಿ 'ಯಾರೂ ಬಿಡಿಸಲಿಲ್ಲ' ಎಂದು ಬರೆದೆ.

ಮರುದಿನ ವನಜ, ನಾಗೇಶ ಇಬ್ಬರನ್ನೂ ಕರೆದುಕೊಂಡು ಗೇಟಿನ ಒಳಗೆ ಹೋದೆ. ಆರ್ಮುಗಂ ಹೆಂಡತಿಯ ಜೊತೆ ಬೋರ್ಡಿನ ಹತ್ತಿರವೇ ನಿಂತಿದ್ದ. ಆಕೆ ಹೊಸ ಸೀರೆ ಉಟ್ಟು, ತಲೆತುಂಬ ಹೂ ಮುಡಿದಿದ್ದಳು. ನಾಗೇಶ ಮಂಡಕ್ಕಿ ಮುಕ್ಕುತ್ತಾ ಬೋರ್ಡಿನ ಮೇಲೆ ಕಣ್ಣಾಡಿಸಿದ. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹೋಗಿ ಇನ್ನೊಂದು ಹಿಡಿ ಬರುವಷ್ಟರಲ್ಲಿ, "ಐದನೇದು ಓದನ ಅಲ್ವಾ ಭಾವ? ಇಷ್ಟು ಸುಲಭದ್ದನ್ನ ಯಾರೂ ಬಿಡಿಸ್ಲಿಲ್ವಾ?" ಎಂದ.

ನಾನು "ಹೌದು, ಓದನಾನೂ ಆಗತ್ತೆ" ಎಂದುಬಿಟ್ಟೆ. ಬಿ.ಎ. ಓದಿದವನಿಗೆ ಅಂಥ ಪದ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಮಾತು ಮುಗಿಯುವ ಮೊದಲೇ ನನ್ನ ಕಣ್ಣು ಆರ್ಮುಗಂನ ಕಡೆ ಹೋಯಿತು. ಎರಡು ಮಾರು ದೂರ, ಕೇಳಿಸದಿರಲು ಸಾಧ್ಯವಿಲ್ಲ. ಅವನ ಹೆಂಡತಿ ಮಾತ್ರ ಆಗಷ್ಟೇ ಮಂಡಕ್ಕಿ ಹಂಚುವ ಕಡೆ ಹೋಗಿದ್ದಳು. ಜೇಬಿನಲ್ಲಿ ಸೀಮೆಸುಣ್ಣವಿತ್ತು. ಎರಡು ಹೆಜ್ಜೆ ಹಾಕಿ, ಒರೆಸಿ, ಅವನ ಹೆಸರು ಬರೆಯಬಹುದಿತ್ತು. ಅಷ್ಟು ಜನರ ಮುಂದೆ, ಅದೂ ಭಾವಮೈದುನನ ಮುಂದೆ, ತಪ್ಪು ತಿದ್ದಿಕೊಳ್ಳುವುದು ಹೇಗೆಂದು ಯೋಚಿಸುತ್ತಾ ಜೇಬಿನಲ್ಲೇ ಆ ಸೀಮೆಸುಣ್ಣವನ್ನು ಮುರಿದೆ. ಆರ್ಮುಗಂ ನಕ್ಕು, ಎರಡೂ ಕೈ ಜೋಡಿಸಿ ಹಬ್ಬದ ನಮಸ್ಕಾರ ಮಾಡಿ, ಹೆಂಡತಿಯನ್ನು ಕ್ರೇನು ತೋರಿಸಲು ಕರೆದುಕೊಂಡು ಹೋದ.

ಆಮೇಲೆ ಅವನು ಕಿಟಕಿಗೆ ಬರಲಿಲ್ಲ. ಜಗಳವಿಲ್ಲ, ಸಿಟ್ಟಿಲ್ಲ. ಬೆಳಿಗ್ಗೆ ಕಾರ್ಡು ಒತ್ತುವುದು, ಒಗಟು ಓದುವುದು, ನಕ್ಕು ಹೋಗುವುದು. ಉತ್ತರ ಗೊತ್ತಾಗಿರುವುದು ಆ ನಗುವಿನಲ್ಲೇ ಕಾಣುತ್ತಿತ್ತು. ಅವನಿಲ್ಲದೆ ನನ್ನ ಒಗಟುಗಳು ದಿನೇದಿನೇ ಸಪ್ಪೆಯಾಗಿ, ಕೊನೆಗೆ ಹೆಲ್ಮೆಟ್ಟು ಗ್ಲೌಸುಗಳೇ ಬೋರ್ಡಿಗೆ ವಾಪಸು ಬಂದವು. ಕೆಲವು ವರ್ಷಗಳ ಮೇಲೆ ಅವನು ಸ್ವಯಂ ನಿವೃತ್ತಿ ತೆಗೆದುಕೊಂಡ, ನಾನೂ ವಯಸ್ಸು ಮುಗಿಸಿ ಮನೆ ಸೇರಿದೆ. ಮನೆಯಲ್ಲಿ ಕೂತವನಿಗೆ ಇದೊಂದೇ ನೆನಪಾಗುತ್ತಿತ್ತು. ಕೇಳಿ ಕೇಳಿ ಸಾಕಾಗಿ ವನಜ ಒಂದು ದಿನ, "ನಂಗೆ ನೂರು ಸಲ ಹೇಳೋ ಬದಲು ಅವ್ರಿಗೆ ಒಂದ್ಸಲ ಹೇಳಿ ಬನ್ನಿ ಮಾರಾಯ್ರೇ. ಭದ್ರಾವತಿ ಏನು ಕಾಶೀನಾ?" ಎಂದು ಅಂಗಿ ಇಸ್ತ್ರಿ ಮಾಡಿ ಕೈಗೆ ಕೊಟ್ಟಳು.

ಹಳೇನಗರದ ಕಡೆ ಅವನು ಹೊಸದಾಗಿ ಕಟ್ಟಿಸಿದ ಪುಟ್ಟ ಮನೆ. ಕ್ಷಮೆಯ ಮಾತುಗಳನ್ನು ಬಸ್ಸಿನಲ್ಲಿ ಉರು ಹೊಡೆದುಕೊಂಡು ಹೋಗಿದ್ದೆ. ಬಾಗಿಲು ತೆಗೆದವಳು ಸೆಲ್ವಿ. ನನ್ನನ್ನು ನೋಡಿದ್ದೇ ಮುಖ ಅರಳಿತು.

"ಬನ್ನಿ ಸಾರ್, ಬನ್ನಿ. ಎನ್ನಾಂಗ, ಯಾರು ಬಂದಿದಾರೆ ನೋಡಿ. ಬೋರ್ಡಲ್ಲಿ ನಿಮ್ ಹೆಸರು ಬರ್ದ ಸಾರು" ಎಂದು ಒಳಗೆ ಕೂತಿದ್ದ ಗಂಡನನ್ನು ಕೂಗಿದಳು.

ನಾನು ಹೊಸ್ತಿಲಲ್ಲೇ ನಿಂತೆ.

"ಮರ್ತಿಲ್ಲ ಸಾರ್ ನಾನು" ಎಂದಳು. "ಪೂಜೆ ದಿನ ಬಂದಿದ್ನಲ್ಲ. ನಂಗೆ ಕನ್ನಡ ಓದಕ್ಕೆ ಬರಲ್ಲ. ಎಲ್ಲಿ ನಿಮ್ ಹೆಸರು ಅಂತ ಕೇಳಿದೆ. ಅಗೋ, ಕೆಳಗೆ ಅಂತ ತೋರ್ಸಿದ್ರು. ಎಷ್ಟ್ ಚಂದ ಬರ್ದಿದ್ರಿ ಸಾರ್, ಎಲ್ಲದಕ್ಕಿಂತ ದೊಡ್ಡದಾಗಿ. ನಮ್ಮಮ್ಮನ ಮನೇಲೆಲ್ಲ ಹೇಳ್ಕೊಂಡು ಬಂದೆ." ಕಾಫಿ ತರಲು ಒಳಗೆ ಹೋದಳು.

ಆರ್ಮುಗಂ ಕುರ್ಚಿಯಿಂದ ಏಳುತ್ತಾ ಒಳಗಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ.

"ತಪ್ಪಾಯ್ತು ಆರ್ಮುಗಂ" ಎಂದೆ, ತಗ್ಗಿದ ದನಿಯಲ್ಲಿ. ಉರು ಹೊಡೆದದ್ದರಲ್ಲಿ ಉಳಿದದ್ದು ಅಷ್ಟೇ.

"ಗೊತ್ತು ಸಾರ್. ನಿಮ್ ಭಾವಮೈದ ಹೇಳಿದಾಗ ನಿಮ್ ಮುಖ ನೋಡಿದ್ನಲ್ಲ, ನಂಗೇ ಪಾಪ ಅನ್ನಿಸ್ತು. ಬಿಡಿ ಸಾರ್. ಅವ್ಳ ಹತ್ರ ಮಾತ್ರ ಏನೂ ಹೇಳ್ಬೇಡಿ. ನಾನೂ ಸುಳ್ಳು ಹೇಳಿದೀನಲ್ಲ, ಸಿಕ್ಕಾಕ್ಕೋತೀನಿ."

ಕಾಫಿ ಬಂತು, ಜೊತೆಗೆ ಬಿಸಿ ವಡೆ ಬಂತು. ನನ್ನ ಎದೆ ಹಗುರವಾಗಿ ಮೂರು ವಡೆ ತಿಂದೆ. ಆಗ ಸೆಲ್ವಿ ಕಿಟಕಿಗೆ ಹೊಡೆದು ಉಳಿದ ನೀಲಿ ಬಣ್ಣದ ಡಬ್ಬಿ, ಒಂದು ಬ್ರಶ್ಶು ತಂದು ನನ್ನ ಮುಂದಿಟ್ಟಳು.

"ಸಾರ್, ಮನೆಗೆ ಹೆಸರಿಲ್ಲ. ಪೋಸ್ಟಿನವ್ನು ದಿನಾ ಪಕ್ಕದ್ ಮನೆಗೆ ಕಾಗದ ಹಾಕಿ ಹೋಗ್ತಾನೆ. ಬಾಗ್ಲ ಪಕ್ಕ ಇವ್ರ ಹೆಸರು ಬರ್ದುಕೊಡಿ. ಅವತ್ತು ಬರ್ದಿದ್ರಲ್ಲ, ಹಂಗೇ."

ಆರ್ಮುಗಂ ಸೂರಿನ ಕಡೆ ನೋಡತೊಡಗಿದ. ನಾನು ಗೋಡೆಯ ಮೇಲೆ 'ಆರ್ಮುಗಂ' ಎಂದು ಚೆಂದವಾಗಿ ಬರೆದೆ. ಸೆಲ್ವಿ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದಳು.

"ಇಷ್ಟೇನಾ? ಅವತ್ತು ಎರಡು ಮಾತಿತ್ತು ಸಾರ್."

"ಅವತ್ತು ಮರ್ಯಾದೆಗೆ ಅಂತ ಹಿಂದೆ ಒಂದು 'ಅವರು' ಸೇರ್ಸಿದ್ದೆನಮ್ಮ."

"ಈಗ್ಲೂ ಸೇರ್ಸಿ ಮತ್ತೆ."

'ಅವರು' ಸೇರಿಸಿದೆ. ಆಕೆಗೆ ಸಮಾಧಾನವಾಗಲಿಲ್ಲ. "ಎರಡ್ನೇದು ಇನ್ನೂ ಉದ್ದ ಇತ್ತು. ಕೊನೇ ಅಕ್ಷರದ ಕೆಳಗೆ ಏನೋ ಜೋತಾಡ್ತಿತ್ತು. ಓದಕ್ಕೆ ಬರದಿದ್ರೂ ನೋಡಕ್ಕೆ ಬರತ್ತೆ ಸಾರ್ ನಂಗೆ."

ನಾನು ಜೀವಮಾನದಲ್ಲಿ ಅಷ್ಟು ಕಷ್ಟದ ಒಗಟು ಕಟ್ಟಿದವನೂ ಅಲ್ಲ, ಬಿಡಿಸಿದವನೂ ಅಲ್ಲ. ಬ್ರಶ್ಶು ಹಿಡಿದು ಬೆವರಿದೆ. ಕೊನೆಗೆ ಕೊನೆಯ ರು ಒರೆಸಿ, ರ ಮಾಡಿ, ಹಿಂದೆ ಒಂದಕ್ಷರ ಸೇರಿಸಿದೆ. 'ಆರ್ಮುಗಂ ಅವರದ್ದು.' ಕೆಳಗೆ ಒತ್ತನ್ನು ಸಾಕಷ್ಟು ಜೋತಾಡಿಸಿದೆ.

"ಇದೇ" ಎಂದಳು ಸೆಲ್ವಿ. "ಈಗ ಸರಿಯಾಯ್ತು."

ಆ ಮನೆಯ ಗೋಡೆಯ ಮೇಲೆ ಈಗಲೂ ಹಾಗೇ ಇದೆ. ಪೋಸ್ಟಿನವನು ಓದಿ ನಗುತ್ತಾನಂತೆ, ಕಾಗದ ಮಾತ್ರ ಸರಿಯಾಗಿ ಹಾಕುತ್ತಾನಂತೆ. ಅವತ್ತು ಮನೆಗೆ ಬಂದಾಗ ವನಜ ಬಾಗಿಲಲ್ಲೇ, "ಅವ್ರ ಹೆಂಡ್ತಿ ಎದುರಿಗೇ ಎಲ್ಲಾ ಒಪ್ಕೊಂಡ್ರಾ?" ಎಂದು ಕೇಳಿದಳು. "ಬರೆದೇ ಕೊಟ್ಟು ಬಂದೆ" ಎಂದೆ. ನನ್ನ ಗಂಡ ಇಷ್ಟಾದರೂ ದೊಡ್ಡ ಮನುಷ್ಯನಾದನಲ್ಲ ಎಂದು ಅವಳಿಗೆ ಬಹಳ ಖುಷಿಯಾಯಿತು, ರಾತ್ರಿ ಪಾಯಸ ಮಾಡಿದಳು. ಎರಡು ಸಲ ಬಡಿಸಿಕೊಂಡು ತಿಂದೆ. ತೊಂದರೆಯೆಂದರೆ ವನಜಳಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಈ ಬರಹ ಅಚ್ಚಾಗಿ ಬಂದ ದಿನ ನಾನು ಎಲ್ಲಿರಬೇಕೆಂದು ಈಗಲೇ ಯೋಚಿಸಬೇಕಾಗಿದೆ.