ಆರು ಮೂಲಿ ವಿದ್ಯಾ

ಪುಣೇಕ ಹೋಗಿ ರಸಾಯನಶಾಸ್ತ್ರ ಓದೂ ಹುಡುಗ ಸುಟೀಗಿ ಇಳಕಲ್ಲಿಗಿ ಬಂದ ಅಂದ್ರ ಅವಗ ದಿನಾ ಒಂದು ಧಕ್ಕಾ ತಪ್ಪೂದಿಲ್ಲ. ಮಂದಿ ದೆವ್ವ ಕಂಡು ಹೆದರ್ತಾರ, ನಾ ಮಂದೀನ್ನ ಕಂಡು ಹೆದರ್ತಿದ್ದೆ. ಪರೀಕ್ಷಾದಾಗ ಒಂದು ಪದಾರ್ಥದ ಮಾರುದ್ದ ಹೆಸರು ಕೊಡ್ತಾರ. ಆ ಹೆಸರು ಬಿಡಿಸಿ, ಯಾವ ಪರಮಾಣು ಯಾವುದರ ಕೈ ಹಿಡದೈತಿ ಅಂತ ಗೆರಿ ಎಳದು ತೋರಸಬೇಕು. ನಾ ಪಡಸಾಲಿ ಹಾಸುಗಲ್ಲಿನ ಮ್ಯಾಲ ಸುಣ್ಣದ ಕಡ್ಡೀಲೆ ರೂಢಿ ಮಾಡ್ತಿದ್ದೆ. ಅದರಾಗ ಗುಡೂರಿನ ಕನ್ಯಾದ ಮಾತು ನಡದಿತ್ತು. ಹುಡುಗಿ ನನ್ನ ಮನಸಿಗಿ ಭಾಳ ಬಂದಿದ್ಲು. ಯಾರರೆ ಒಂದು ಮಾತು ಆಡಿದ್ರ ಸಂಬಂಧ ಮುರದ ಹೋಗತಿತ್ತು.

ಎಳಿ

ಒಂದಿನ ಸೀರಿ ನೂಲಿಗಿ ಹಾಕೂ ಕೆಂಪು ಬಣ್ಣದ ಪರಮಾಣು ಚಿತ್ರ ಬರದೆ. ಆರು ಮೂಲೀವು ಮೂರು ಮನಿ, ಒಂದಕ್ಕೊಂದು ಹತ್ತಿ. ತುದೀಗಿ ಎರಡು ಗೆರಿ ಹೊರಗ ಚಾಚಿದ್ವು. ಜಳಕಾ ಮಾಡಿ ಬರೂದ್ರಾಗ ಅವ್ವ ಅವೆರಡೂ ಕೂಡಿಸಿ ನಡುವ ಕುಂಕುಮ ಇಟ್ಟಿದ್ಲು. ರಂಗೋಲಿ ಎಳಿ ಬಿಚ್ಚಿ ಬಿಡಬಾರದಂತ, ಮನಿಗಿ ಚಲೋ ಅಲ್ಲಂತ. ಜಗತ್ತಿನ್ಯಾಗ ಎಲ್ಲೂ ಇಲ್ಲದ್ದೊಂದು ಪದಾರ್ಥ ನಮ್ಮ ಪಡಸಾಲ್ಯಾಗ ಹುಟ್ಟಿತ್ತು.

ಬಣ್ಣ

ನೂಲಿಗಿ ಬಣ್ಣ ಹಾಕೂ ಚಾಚಾ ಬಾಜೂ ಮನಿಯವರು. ಇದೇನು ತಮ್ಮಾ ಅಂತ ಕೇಳಿದ್ರು. ನಿಮ್ಮ ಡಬ್ಬಿಯೊಳಗಿನ ಕೆಂಪು ಬಣ್ಣ ಇದ ನೋಡ್ರಿ ಅಂದೆ. ಚಾಚಾ ಬೆರಳಿಗಿ ಉಗುಳು ಹಚ್ಚಿ ತಿಕ್ಕಿದ್ರು, ಬೆಳ್ಳಗ ಬಂತು. ಅವರ ಮಾರಿ ಇಳೀತು. "ನಿನಗ ಮೋಸ ಮಾಡ್ಯಾರ ತಮ್ಮಾ" ಅಂದ್ರು.

ಬೀಗರು

ಮಾತು ಗುಡೂರು ಮುಟ್ಟೂದ್ರಾಗ ನಾ ಮಾಟಗಾರ ಆಗಿದ್ದೆ. ಹುಡುಗಿ ಅಪ್ಪ ಬಂದ್ರು, ಪಡಸಾಲ್ಯಾಗಿನ ಆರು ಮೂಲಿ ಕಂಡವರ ಮಾಟದ ಯಂತ್ರ ಅಂತ ಎದ್ದ ನಿಂತ್ರು. ಇದು ಬರೇ ಬಣ್ಣದ ಹೆಸರ್ರಿ ಅಂತ ಕೈ ಮುಗದು, "ಡೈಹೈಡ್ರಾಕ್ಸಿ ಆಂಥ್ರಾಕ್ವಿನೋನ್" ಅಂತ ಓದಿ ತೋರಿಸಿದೆ. ಮಂತ್ರ ಕೇಳಿ ಅವರು ಬಾಗಿಲ ತನಾ ಹೋದ್ರು. ಲಗ್ನ ಹೋತು ಅಂತ ನನ್ನ ಜೀವ ಹೋತು.

ಹೊಸ್ತಲದಾಗ ಹೊಳ್ಳಿ ನಿಂತು, ಮೆಲ್ಲಕ ಕೇಳಿದ್ರು. ನಮ್ಮ ಎಮ್ಮಿ ಈದರೂ ಹಾಲು ಇಳಸವಲ್ದು, ಅದಕ್ಕೊಂದು ಬರದು ಕೊಡ್ತೀರೇನು? ಎಮ್ಮಿ ಹಾಲು ಕೊಟ್ರ ಮಗಳನ್ನೂ ಕೊಡ್ತೇನಿ ಅಂದ್ರು. ನಾ ಏನು ಬರೀಲಿ? ಹಾಲಿನ ಸಂಬಂಧ ನನಗ ಬರೂದು ಒಂದ, ಹಾಲು ಹುಳಿ ಆದಾಗ ಅದರಾಗ ಹುಟ್ಟೂ ಆಮ್ಲ. ಯಾರಿಗಿ ತಿಳೀತೈತಿ ಅಂತ ಅದನ್ನ ಬರದು ಕೊಟ್ಟೆ.

ಮುಂದಿನ ಸಂತಿಗಿ ಅವರು ಮತ್ತ ಬಂದ್ರು. ಎಮ್ಮಿ ತಂಬಿಗಿ ತುಂಬ ಹಾಲು ಕೊಟ್ಟೈತಂತ, ಆದ್ರ ಕಾಸಿದಾಗೊಮ್ಮೆ ಒಡೀತೈತಂತ.

"ನಿಮ್ಮ ವಿದ್ಯಾ ಖರೆ ಐತ್ರಿ, ಲಗ್ನ ಮಾಡಿ ಕೊಡ್ತೇನಿ" ಅಂದ್ರು. "ಆದ್ರ ಹಾಲಿಗಿ ಬರೀರಿ ಅಂದ್ರ ಮಸರಿಗಿ ಬರದೀರಲ್ರಿ."