ಸಬ್ಜಾ ಶರಬತ್ತಿನ ಸಂಶೋಧನೆ

ಅಚ್ಚಾದುದನ್ನೆಲ್ಲ ಸತ್ಯವೆಂದು ಒಪ್ಪಿ ನೆಮ್ಮದಿಯಾಗಿರುವ ಭಾಗ್ಯ ನನ್ನದಲ್ಲ. ಶಾಲೆ ನನ್ನನ್ನು ನಾಲ್ಕನೆಯ ಇಯತ್ತೆಗೇ ಕೈಬಿಟ್ಟದ್ದರಿಂದ ಉಳಿದ ವಿದ್ಯೆಯನ್ನೆಲ್ಲ ನಾನೇ ಓದಿ, ನಾನೇ ವಾದಿಸಿ, ಬಹುಪಾಲು ನಾನೇ ತಪ್ಪಿ ಸಂಪಾದಿಸಿದ್ದೇನೆ. ಸುರಪುರದ ಕೋಟೆಯ ಕಥೆ ಹೇಳಿದ ಬೀಗರನ್ನು ‘ನೀವು ಕಂಡಿದ್ದಿರೇನು’ ಎಂದು ಕೇಳಿ ಒಂದು ಮದುವೆಯ ಊಟವನ್ನೂ ಕಳೆದುಕೊಂಡಿದ್ದೇನೆ.

ಇಂಥ ನನ್ನೆದುರಿಗೆ ತಮ್ಮನ ಮಗಳು ಸುಜಾತಾ ತನ್ನ ಸಂಶೋಧನೆಯ ಹೈಡ್ರೋಜೆಲ್ ವಿಷಯ ತೆಗೆದಳು. ಅದು ನೀರು ಹೀರಿ ಉಬ್ಬುತ್ತದೆ, ಕರಗುವುದಿಲ್ಲ. ಒಳಗೆ ಔಷಧ ತುಂಬಿದರೆ ಒಮ್ಮೆಲೇ ಸುರಿಯದೆ ದೇಹಕ್ಕೆ ತಡೆದು ತಡೆದು ಬಿಡುತ್ತದಂತೆ.

“ಸಬ್ಜಾ ಬೀಜ ನೆನಸಿದ್ರ ಸುತ್ತ ಲೋಳಿ ಬರ್ತದಲ್ಲ ದೊಡ್ಡಪ್ಪ, ಅದೂ ಅಂಥಾದ್ದೇ.”

“ತಡದು ಬಿಡೂ ಬುದ್ಧಿ ಲೋಳಿಗಿ ಯಾರು ಕಲಿಸ್ಯಾರವ್ವ?”

“ನೀವೇ ಮಾಡಿ ನೋಡ್ರಿ” ಎಂದು ನಕ್ಕು ಕಲಬುರಗಿಯ ಬಸ್ಸು ಹತ್ತಿದಳು.

ಮಾಡದೆ ಬಿಡುವವನೇ ನಾನು? ಮರುದಿನವೇ ಸಬ್ಜಾ ಬೀಜವನ್ನು ಬೇವಿನ ಕಷಾಯದಲ್ಲಿ ನೆನಸಿ, ಹೊರಮೈಯ ಕಹಿ ಹೋಗುವಂತೆ ತೊಳೆದು, ಬಟ್ಟಲನ್ನು ನೀರಿನ ಕೊಡದ ಪಕ್ಕ ಇಟ್ಟೆ. ಉತ್ಸಾಹದಲ್ಲಿ ಕುಳಿತಲ್ಲಿ ಕೂರಲಾಗಲಿಲ್ಲ.

ಅದೇ ಮಧ್ಯಾಹ್ನ ಕಾಲುವೆಯ ತೂಬು ತೆರೆಯುವ ಶರಣಪ್ಪ ಮನೆಗೆ ಬಂದರು. ನಮ್ಮ ಹೊಲ ಕಾಲುವೆಯ ಕಟ್ಟಕಡೆಗೆ. ಭತ್ತ ತೆನೆಗೆ ಬಂದಿತ್ತು, ಗದ್ದೆ ಬಿರಿದಿತ್ತು. ಮೂರು ಸಲ ಅಂಗಲಾಚಿದ ಮೇಲೆ ಬಂದ ಮನುಷ್ಯ. ಬೇಸಿಗೆಯಲ್ಲಿ ಬಂದವರಿಗೆ ಸಬ್ಜಾ ಶರಬತ್ತು ಕೊಡುವುದು ನಮ್ಮ ಮನೆಯ ವಾಡಿಕೆ. ಬೀಜ ನೆನೆದು ಸಿದ್ಧವಾಗಿದ್ದುದನ್ನು ಕಂಡ ನನ್ನ ಹೆಂಡತಿ ಅದಕ್ಕೇ ಸಕ್ಕರೆ ಬೆರೆಸಿ, ನಿಂಬೆ ಹಿಂಡಿ ತಂದುಕೊಟ್ಟಳು.

ಶರಣಪ್ಪ ನಾಲ್ಕು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದರು. “ಇದೇನ್ರಿ ಕಾಕಾ? ಮೊದಲ ಸಿಹಿ ಇತ್ತು, ಈಗ ಕಹಿ ಬರಾಕತ್ತೈತಿ.”

ಕ್ಷಮೆ ಕೇಳಬೇಕಾದ ಗಳಿಗೆ ಅದು. ನಾನು ಜಿಗಿದೆದ್ದು ಗಡಿಯಾರ ತೆಗೆದೆ. “ಒಮ್ಮೆಲೇ ಬಂತೋ, ಸಾವಕಾಶ ಬಂತೋ?”

“ಸಾವಕಾಶ.”

“ಇನ್ನೂ ಬರಾಕತ್ತೈತೇನ್ರಿ?”

“ಅವರು ನೀರಿನ ಮಾತಿಗಿ ಬಂದಾರ” ಎಂದಳು ಹೆಂಡತಿ ಒಳಗಿನಿಂದ. “ನೀವು ನಾಡಿ ನೋಡಾಕ ಕುಂತೀರಿ.”

ನನ್ನನ್ನು ತಡೆಯುವುದು ಸಾಧ್ಯವಿರಲಿಲ್ಲ. ಕಷಾಯದಿಂದ ಮೊದಲ್ಗೊಂಡು ಔಷಧವನ್ನು ಒಂದೇ ಏಟಿಗೆ ಬಿಡದಿರುವುದರ ಹಿರಿಮೆಯವರೆಗೆ ಎಲ್ಲವನ್ನೂ ವಿವರಿಸಿದೆ. ಶರಣಪ್ಪ ಪೂರ್ತಿ ಕೇಳಿ, ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿದರು.

“ತಿಳೀತ್ರಿ ಕಾಕಾ. ಭಾಳ ಚಲೋ ಪದ್ಧತಿ. ನಿಮ್ಮ ಹೊಲಕ್ಕ ನೀರೂ ಹಂಗೇ ಬಿಡ್ತೀನಿ.”

ಮಾತಿಗೆ ತಪ್ಪುವ ಮನುಷ್ಯನಲ್ಲ. ಮರುದಿನ ಬೆಳಗ್ಗೆ ಹೊಲದ ಬದುವಿನ ಮೇಲೆ ಕುಳಿತಿದ್ದೆ. ಕಾಲುವೆಯಿಂದ ನೀರು ಬೆರಳುಗಾತ್ರ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಬೇರೆಯವರಾಗಿದ್ದರೆ ಶರಣಪ್ಪನವರ ಮನೆಗೆ ಓಡಿ ಕೈಮುಗಿಯುತ್ತಿದ್ದರು. ನಾನು ಸುಜಾತಾಳಿಗೆ ಕಳಿಸಲೆಂದು ಪ್ರತಿ ಸಲದ ವೇಳೆಯನ್ನು ಬರೆದುಕೊಂಡೆ.